ಬಾಡಿಗೆಗೆ ಮೊದಲು ಒಂದು ನಿದ್ದೆ

ನಲ್ಲಿ ತಿರುಗಿಸಿ ಮನೆ ನೋಡುವವರಿದ್ದಾರೆ, ಗೋಡೆ ತಟ್ಟಿ ನೋಡುವವರಿದ್ದಾರೆ. ನಾನು ನೋಡುವುದು ಮಲಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ನನ್ನದು ರಾತ್ರಿ ಪಾಳಿ. ಹಗಲು ನಿದ್ದೆ ಕೊಡದ ಮನೆ ನನಗೆ ಮನೆಯೇ ಅಲ್ಲ. ಅಕ್ಕಪಕ್ಕದವರ ಗಲಾಟೆಗೆ ಜಗಳವಾಡಿ ಆಗಲೇ ಮೂರು ಮನೆಗಳಿಂದ ಗಂಟುಮೂಟೆ ಕಟ್ಟಿದ್ದೆವು.

"ಒಂದು ಗಂಟೆ ಮಲಗ್ತೀನಿ. ಆಮೇಲೆ ಮಾತು," ಎಂದೆ.

ಬ್ರೋಕರ್ ನಮ್ಮನೆಯವರ ಮುಖ ನೋಡಿದ. "ಏನ್ ಸಾರ್ ಇದು?"

"ಮಲಗೋಕೆ ಬಿಡಪ್ಪ. ನಿನಗೂ ಕ್ಷೇಮ, ನನಗೂ ಕ್ಷೇಮ." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ನೋಡೇ, ಇಲ್ಲೂ ಕಿರುಚಾಡಿದ್ರೆ ಮುಂದಿನ ಮನೆ ನೀನೇ ಹುಡುಕ್ಕೋ. ನನ್ನ ಚಪ್ಪಲಿ ಸವೆದು ಹೋಗಿದೆ."

ಇಬ್ಬರೂ ಹೊರಗೆ ಹೋದರು. ಖಾಲಿ ಕೋಣೆಯ ನೆಲದ ಮೇಲೆ ಶಾಲು ಹಾಸಿದೆ. ಬೆಳಗಿನ ರೈಲಿಗೆ ಎಲ್ಲರೂ ದೊಡ್ಡ ನಗರಕ್ಕೆ ಕೆಲಸಕ್ಕೆ ಹೋಗಿ ಕಟ್ಟಡ ಬಿಕೋ ಎನ್ನುತ್ತಿತ್ತು. ನಾನು ಬೇಡಿಕೊಂಡಿದ್ದೂ ಇದನ್ನೇ. ಆದರೆ ಕಣ್ಣು ಮುಚ್ಚಲಿಲ್ಲ. ಯಾರು ಯಾವಾಗ ಸದ್ದು ಮಾಡುತ್ತಾರೋ ಎಂದು ಕಿವಿ ಕಾಯುತ್ತಲೇ ಇತ್ತು.

ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಹೊಲಿಗೆ ಯಂತ್ರ ಶುರುವಾಯಿತು. ಟಕಟಕ, ಟಕಟಕ. ನನಗೆ ಕೋಪ ನೆತ್ತಿಗೇರಿತು. ಎದ್ದು ಬಯ್ಯಬೇಕು ಎಂದುಕೊಂಡೆ. ಏಳಲಿಲ್ಲ. ನೆಲ ಮೆಲ್ಲಗೆ ಚಲಿಸತೊಡಗಿತ್ತು. ಕೋಣೆ ರೈಲಿನ ಹಾಗೆ ಹೊರಟಿತು. ಕಿಟಕಿಯಾಚೆ ಆಸ್ಪತ್ರೆಯ ಬಿಳಿ ಹೊದಿಕೆಗಳು ಮನೆಗಳ ಮೇಲೆ ಹಾರುತ್ತಿದ್ದವು. ಒಂದನ್ನು ಹಿಡಿದೆ. ಅದರ ಇನ್ನೊಂದು ತುದಿ ಅಮ್ಮನ ಕೈಯಲ್ಲಿತ್ತು. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದೇನೂ ಅಡ್ಡ ಬರಲಿಲ್ಲ. ಮಡಿಸುತ್ತಾ ಒಂದೊಂದೇ ಹೆಜ್ಜೆ ಹತ್ತಿರ ಬಂದೆವು. ಇನ್ನೇನು ಕೈಗೆ ಕೈ ತಾಕಬೇಕು.

ಸದ್ದು ನಿಂತಿತು. ಎಚ್ಚರವಾಯಿತು.

ಬರಿಗಾಲಲ್ಲೇ ಮೆಟ್ಟಿಲು ಹತ್ತಿದೆ. "ಬೇಡ ಕಣೇ!" ಎನ್ನುತ್ತಾ ನಮ್ಮನೆಯವರು ಹಿಂದೆಯೇ ಓಡಿ ಬಂದರು. ಮೇಲಿನ ಮನೆಯ ಬಾಗಿಲಲ್ಲಿ ಬ್ರೋಕರ್ ಕೈಮುಗಿದು ನಿಂತಿದ್ದ. ಒಳಗೆ ಅರ್ಧ ಹೊಲಿದ ರವಿಕೆಯ ತೋಳು ಹಿಡಿದುಕೊಂಡು ದರ್ಜಿ ಹೆಂಗಸು ಕೂತಿದ್ದಳು. ನನ್ನನ್ನು ಕಂಡದ್ದೇ, "ಹೊಟ್ಟೆಪಾಡು ಕಣಮ್ಮ, ಹಗಲು ಹೊಲೀದೆ ಇದ್ರೆ ಹೆಂಗೆ?" ಎಂದಳು.

"ನಿಲ್ಸು ಅಂದವರ್ಯಾರು?" ಎಂದು ಗದರಿದೆ.

"ನಾನೇ ಮೇಡಂ, ನಿಮಗೋಸ್ಕರ..."

"ನಿನ್ನ ತಲೆ! ಚಿನ್ನದಂಥ ನಿದ್ದೆ ಹಾಳು ಮಾಡಿದೆ. ಅಕ್ಕಾ, ನೀವು ತುಳೀರಿ. ಆ ತೋಳು ಮುಗಿಯೋವರೆಗೂ ನಿಲ್ಲಿಸಬೇಡಿ."

ಅವಳು ನನ್ನ ಮೇಲೊಂದು ಕಣ್ಣಿಟ್ಟುಕೊಂಡೇ ತುಳಿಯತೊಡಗಿದಳು. ನಾನು ಕೆಳಗಿಳಿದು ಮತ್ತೆ ಶಾಲಿನ ಮೇಲೆ ಒರಗಿದೆ.

"ಈ ಮನೆ ಆಯ್ತಾ?" ನಮ್ಮನೆಯವರು ಹೊಸ್ತಿಲಲ್ಲಿ ಪಿಸುಗುಟ್ಟಿದರು.

"ಆಯ್ತು. ಬಾಗಿಲು ಹಾಕ್ಕೊಂಡು ಹೋಗಿ."

ಅಮ್ಮ ಹೊದಿಕೆಯ ತುದಿ ಬಿಟ್ಟಿರಲಿಲ್ಲ. "ಎಲ್ಲಿ ಹಾಳಾಗಿ ಹೋಗಿದ್ಯೇ," ಎಂದಳು, "ಹಿಡಿದೂ ಹಿಡಿದೂ ಕೈ ನೋಯ್ತಿದೆ."