ತನ್ನ ಹೊಗೆ ತಾನೇ ತಿನ್ನುವ ಕಾರು

"ಏನು ದಾದಾ, ಗಾಡಿಯೊಳಗೇ ಒಲೆ ಹಚ್ಚಿದ್ದೀರಾ?"

ಟ್ರಾಫಿಕ್ ಸಾರ್ಜೆಂಟ್ ಕಾರಿನ ಬಾನೆಟ್ಟಿನ ಮೇಲೆ ಬೆರಳಿನಿಂದ ತಟ್ಟಿದ. ಅದರ ಅಂಚಿನಿಂದ ನೀಲಿ ಹೊಗೆ ಏಳುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದ ಅಡುಗೆಯ ಗಣಪಯ್ಯನವರು ನಗಲು ಹೋದರು. ಸಾರ್ಜೆಂಟ್ ನಗಲಿಲ್ಲ.

ಖಿದಿರ್‌ಪುರದ ಹೊಗೆ ತಪಾಸಣೆಯ ಗೂಡಂಗಡಿ ಎದುರಿಗೇ ಇತ್ತು. "ಅಲ್ಲಿ ಪಾಸಾದರೆ ಹೋಗಿ, ಇಲ್ಲದಿದ್ದರೆ ಗಾಡಿ ಠಾಣೆಗೆ," ಎಂದು ಹೇಳಿ ಸಾರ್ಜೆಂಟ್ ನೆರಳಿಗೆ ನಿಂತ.

ಗಾಡಿಯ ಜೊತೆ ಇಡೀ ಮದುವೆಯ ಸಾರೂ ಠಾಣೆಗೆ ಹೋಗುತ್ತಿತ್ತು. ಜಾದವ್‌ಪುರದಲ್ಲಿ ಪ್ರೊಫೆಸರ್ ದೇವೇಂದ್ರರ ಮಗಳಿಗೆ ಧಾರೆ ಮುಗಿದು, ಎಲೆ ಹಾಕುವ ಹೊತ್ತು. ಇಂದು ಊಟ ತಪ್ಪಿದರೆ ಕಲ್ಕತ್ತೆಯ ಕನ್ನಡದವರು ಇನ್ನು ಒಂದು ನಾಮಕರಣಕ್ಕೂ ಗಣಪಯ್ಯನವರನ್ನು ಕರೆಯುವುದಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಪ್ರಭಾವತಿ ಸಾರಿನ ಹಂಡೆಯನ್ನು ಮಗುವಿನಂತೆ ತಬ್ಬಿ ಕೂತಿದ್ದರು.

ಅದು ಯಾವುದೋ ದೂತಾವಾಸದವರು ಬಿಟ್ಟುಹೋದ ಅಮೆರಿಕದ ಹಳೇ ಕಾರು. ಎಷ್ಟು ಉದ್ದವೆಂದರೆ, ಒಮ್ಮೆ ಮೆರವಣಿಗೆಗೆ ಸಿಕ್ಕಿ ನಿಂತಾಗ ಬಸ್ಸೆಂದು ತಿಳಿದು ನಾಲ್ಕು ಜನ ಹತ್ತಿ ಕೂತು, ಬಾಲಿಗಂಜಿನಲ್ಲಿ ಕಂಡಕ್ಟರ್ ಇಲ್ಲವೆಂದು ಬೈದು ಇಳಿದಿದ್ದರು.

ಬೆಳಿಗ್ಗೆ ಗಣಪಯ್ಯನವರು ಅದರ ಹೊಗೆ ತಡೆಯುವ ಭಾಗಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಿದ್ದರು. ಹೆಬ್ಬೆರಳಿನಷ್ಟಿದ್ದ ವಾಲ್ವು ಮಸಿ ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಕಟಕಟ ಎಂದಿತು. ಶುದ್ಧವಾಗಿದೆ ಎಂದರ್ಥ. ಅಲ್ಲಿಗೇ ಬಿಡಬಹುದಿತ್ತು. ಆದರೆ ಅದರ ರಬ್ಬರ್ ಕೊಳವೆ ಎಲ್ಲಿಗೆ ಹೋಗುತ್ತದೆಂದು ಬೆರಳಾಡಿಸಿ ನೋಡಿದರು. ಎಂಜಿನ್ನಿನ ಹೊಟ್ಟೆಯಿಂದ ಹೊರಟ ಹೊಗೆ ಅದೇ ಎಂಜಿನ್ನಿನ ಬಾಯಿಗೆ ಹೋಗುತ್ತಿತ್ತು! ಒಂದು ಬಾರಿ ಉಂಡದ್ದನ್ನೇ ಮತ್ತೆ ಉಣ್ಣಿಸುವುದೇ? ಮದುವೆಯ ಅಡುಗೆ ಹೊರುವ ಗಾಡಿಗೆ ಎಂಜಲೇ? ಗಣಪಯ್ಯನವರು ಹೆಚ್ಚಲು ಇಟ್ಟಿದ್ದ ತೊಂಡೆಕಾಯಿಗಳಲ್ಲಿ ದಪ್ಪನೆಯದೊಂದನ್ನು ಆರಿಸಿ ಕೊಳವೆಗೆ ತುರುಕಿದರು. ಅಳತೆ ತೆಗೆದು ಬೆಳೆಸಿದಂತೆ ಕೂತಿತ್ತು.

ಈಗ ಎಲ್ಲಿಂದಲೋ ಎಣ್ಣೆ ತೊಟ್ಟಿಕ್ಕಿ ಬಿಸಿ ಕಬ್ಬಿಣದ ಮೇಲೆ ಚರ್ ಎನ್ನುತ್ತಿತ್ತು.

"ಬೆಳಿಗ್ಗೆ ಎಂತ ಮಾಡಿದ್ರಿ ಅದಕ್ಕೆ?" ಹಿಂದಿನಿಂದ ಪ್ರಭಾವತಿ ಕೇಳಿದರು.

"ಎಂತ ಇಲ್ಲ. ಎಂಜಲು ತಿನ್ನುದನ್ನು ನಿಲ್ಲಿಸಿದೆ."

"ಯಾರು ತಿನ್ನುದು?"

"ಎಂಜಿನು ಮಾರಾಯ್ತಿ. ತನ್ನ ಹೊಗೆ ತಾನೇ ತಿಂತದೆ. ಅಸಹ್ಯ! ಅದಕ್ಕೆ ಕೊಳವೆಗೊಂದು ತೊಂಡೆಕಾಯಿ ಇಟ್ಟೆ."

ಪ್ರಭಾವತಿ ಕತ್ತು ಚಾಚಿ ಮುಂದೆ ನೋಡಿದರು. ಗೂಡಂಗಡಿಯವನು ಮುಂದಿದ್ದ ಟ್ಯಾಕ್ಸಿಯ ಹಿಂಬದಿಯ ಹೊಗೆಕೊಳವೆಗೆ ತಪಾಸಣೆಯ ಸಲಾಕೆ ತೂರಿಸುತ್ತಿದ್ದ. ಇನ್ನು ಇವರದೇ ಸರದಿ.

"ಇಡ್ಲಿ ಅಟ್ಟದ ಉಗಿಗೆ ದಾರಿ ಬಿಡದಿದ್ರೆ ಮುಚ್ಚಳ ಹಾರ್ತದೆ. ನಿಮಗೆ ಗೊತ್ತಿಲ್ವಾ?"

"ಅದು ಬೇರೆ. ಇದು ಎಂಜಲು."

"ಮದುವೆಯಾದಾಗಿಂದ ನಾನು ನಿಮ್ಮ ಎಲೆಯಲ್ಲೇ ಉಂಡದ್ದು," ಎಂದರು ಪ್ರಭಾವತಿ, ಹಂಡೆಯ ಮುಚ್ಚಳ ಸರಿಮಾಡುತ್ತ. "ಆಗ ಅಸಹ್ಯ ಕಾಣ್ಲಿಲ್ವಾ ನಿಮಗೆ?"

ಟ್ಯಾಕ್ಸಿ ಮುಂದಕ್ಕೆ ಹೋಯಿತು. ಗಣಪಯ್ಯನವರು ಎಂಜಿನ್ ನಿಲ್ಲಿಸಿ ಇಳಿದು, ಬಾನೆಟ್ ಎತ್ತಿ, ಬೆರಳು ಸುಟ್ಟುಕೊಂಡು ಕೊಳವೆ ಕಳಚಿದರು. ತೊಂಡೆಕಾಯಿ ಬೆಂದು ಕಪ್ಪಾಗಿತ್ತು. ಅದನ್ನು ಚರಂಡಿಗೆ ಎಸೆದು, ಕೊಳವೆ ಸಿಕ್ಕಿಸಿ, ಹಳೇ ಪಂಚೆಯಿಂದ ಎಣ್ಣೆ ಒರೆಸಿ ಕಾರು ಶುರುಮಾಡಿದರು. ಬಾನೆಟ್ಟಿನ ಹೊಗೆ ತೆಳ್ಳಗಾಗುತ್ತ ಬಂತು. ಗೂಡಂಗಡಿಯವನು ಸಲಾಕೆ ತೂರಿಸಿ, "ದಾಡಾನ್, ಸ್ವಲ್ಪ ತಡೆಯಿರಿ," ಎಂದ. ಯಂತ್ರದ ಮುಳ್ಳು ಮೇಲೇರಿತು. ಗಣಪಯ್ಯನವರ ಜೀವವೂ ಅದರ ಜೊತೆ ಏರಿತು. ಮುಳ್ಳು ನಡುಗಿ, ಯೋಚಿಸಿ, ಇಳಿಯಿತು. ಪಾಸಿನ ಚೀಟಿಗೆ ಬಿದ್ದ ಠಸ್ಸೆಯ ಸದ್ದಿಗೆ ಸಾರ್ಜೆಂಟ್ ತಿರುಗಿ ನೋಡಿ, ಹೋಗಿ ಎಂದು ಕೈಬೀಸಿದ.

ಚೀಟಿ ಪಡೆಯಲು ಇಳಿದಿದ್ದ ಗಣಪಯ್ಯನವರ ಬಾಯಿ ಒಣಗಿತ್ತು. ಪ್ರಭಾವತಿ ಕಿಟಕಿಯಿಂದ, ಪಕ್ಕದ ಚಹಾದವನಲ್ಲಿ ಕೊಂಡು ತಾವು ಅರ್ಧ ಕುಡಿದ ಚಹಾದ ಮಣ್ಣಿನ ಕುಡಿಕೆಯನ್ನು ಚಾಚಿದರು. ಗಣಪಯ್ಯನವರು ಅದನ್ನು ಹಿಡಿದು, ತುಟಿ ತಾಗದ ಅಂಚು ಹುಡುಕುತ್ತ ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ಅರ್ಧಕ್ಕೆ ನಿಂತಿತು. ಆಮೇಲೆ ಕುಡಿಕೆಯನ್ನು ಹಾಗೆಯೇ ಬಾಯಿಗಿಟ್ಟು, ತಳದ ಗಷ್ಟು ಕಾಣುವವರೆಗೂ ಕುಡಿದರು.