ಓದದೆ ಹೊಗಳಿದ ಪುಸ್ತಕ

ನಾನು ಚಿಂತಾಮಣಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಲೈಬ್ರರಿಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಹೋದ ವರ್ಷ ಯಾರೋ ಪುಣ್ಯಾತ್ಮರು ಐದು ಭಾಗಗಳ ಇಂಗ್ಲಿಷ್ ಕಾದಂಬರಿ ಕೊಟ್ಟರು. ಗ್ರೀಕ್ ದೇವರುಗಳಿಗೆ ಈ ಕಾಲದಲ್ಲಿ ಹುಟ್ಟಿದ ಮಕ್ಕಳ ಸಾಹಸದ ಕಥೆ. ಹಿಂದಿನ ರಟ್ಟಿನ ಮೇಲಿದ್ದ ನಾಲ್ಕು ಸಾಲು ಓದಿ, ಪುಸ್ತಕಗಳ ಬೆನ್ನಿಗೆ ಶಾಲೆಯ ಚೀಟಿ ಅಂಟಿಸಿ, ಒಂಬತ್ತನೇ ಕ್ಲಾಸಿನ ಮುಂದೆ ಅರ್ಧ ಗಂಟೆ ಕೊರೆದೆ. "ಕೈಗೆತ್ಕೊಂಡ್ರೆ ಕೆಳಗಿಡಲ್ಲ ನೋಡಿ!" ನಾನು ಮಾತ್ರ ಒಂದು ಪುಟವನ್ನೂ ಓದಿರಲಿಲ್ಲ.

ಎರಡು ಕೈ ಮೇಲೆದ್ದವು. ಟೊಮೆಟೊ ಮಂಡಿ ಚನ್ನಕೇಶವರ ಮಗ ಚೈತನ್ಯನಿಗೆ ಕೈಗೆ ಸಿಕ್ಕಿದ್ದೊಂದನ್ನು ಕೊಟ್ಟೆ. ಅಂಬಾಜಿದುರ್ಗದ ಕಡೆಯಿಂದ ಬಸ್ಸಿನಲ್ಲಿ ಬರುವ ಶ್ರೀವಿದ್ಯಾ ಇನ್ನೊಂದು ಕೇಳಿದಳು.

"ಇದು ನಿನಗೆ ಕಷ್ಟ ಆಗುತ್ತಮ್ಮ," ಎಂದು ತೆಳ್ಳಗಿನ ನೀತಿಕಥೆ ಪುಸ್ತಕವೊಂದನ್ನು ಅವಳ ಕೈಗಿಟ್ಟೆ. ಅವಳು ನಮ್ಮ ಶಾಲೆಗೆ ಸೇರಿ ಎರಡೇ ವಾರ. ಅವಳ ಇಂಗ್ಲಿಷ್ ಹೇಗಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಯಾವ ಕೇರಿಯವಳು ಅನ್ನುವುದು ಗೊತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಮುಂದಿನ ವಾರ ಚೈತನ್ಯ ಮುಖ ಸಪ್ಪೆ ಮಾಡಿಕೊಂಡು ಬಂದ. "ತಲೆಬುಡ ಅರ್ಥ ಆಗ್ತಿಲ್ಲ ಸಾರ್. ಮೊದಲ್ನೇ ಪುಟದಲ್ಲೇ ಯಾರೋ ಸತ್ತೋಗವ್ರೆ, ಎಲ್ರೂ ಅಳ್ತಾವ್ರೆ."

"ತಾಳ್ಮೆ ಇರ್ಬೇಕಪ್ಪ. ದೊಡ್ಡ ಲೇಖಕರು ಹಂಗೇ ಶುರು ಮಾಡೋದು," ಎಂದು ಬುರುಡೆ ಬಿಟ್ಟೆ.

ಶ್ರೀವಿದ್ಯಾ ಎದ್ದು ನಿಂತಳು. "ಸಾರ್, ಅದು ನಾಲ್ಕನೇ ಭಾಗ. ನಂಬರ್ ಮೇಲೆ ಚೀಟಿ ಅಂಟಿಸ್ಬಿಟ್ಟಿದ್ದಾರೆ. ಮೊದಲ್ನೇದು ನೀಲಿ ರಟ್ಟಿಂದು."

"ನಿನಗೆ ಹೇಗಮ್ಮ ಗೊತ್ತು?"

"ಹಳೇ ಸ್ಕೂಲಲ್ಲಿ ಐದೂ ಓದಿದ್ದೆ ಸಾರ್. ಇನ್ನೊಂದ್ಸಲ ಓದಣ ಅಂತ ಕೇಳ್ದೆ."

ಮಾತು ತೇಲಿಸಲು, ಕಥೆ ಏನೆಂದು ಎಲ್ಲರಿಗೂ ಹೇಳಮ್ಮ ಅಂದೆ. ಅವಳು ಹೇಳತೊಡಗಿದಳು. ಕಮ್ಮಾರಿಕೆ ಮಾಡುವ ಕುಂಟ ದೇವರಿಗೆ ಒಬ್ಬಳು ಮಗಳು. ಬೆಟ್ಟದ ಮೇಲಿನ ದೇವರುಗಳ ಮಕ್ಕಳು ಅವಳನ್ನು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಅವರ ಕತ್ತಿಗಳೆಲ್ಲ ಮಾಡಿದ್ದು ಇವಳಪ್ಪನೇ. ಕ್ಲಾಸು ಉಸಿರು ಬಿಗಿಹಿಡಿದು ಕೇಳಿತು. ನಾನು ಹಾಡಿ ಹೊಗಳಿದ್ದ ಕಥೆಯನ್ನು ನಾನೂ ಅವತ್ತೇ ಕೇಳಿದ್ದು.

ಬೆಲ್ಲಾದ ಮೇಲೆ ಅವಳನ್ನು ಕರೆದೆ. "ತಪ್ಪಾಯ್ತಮ್ಮ. ನಾನು ಅದನ್ನ ಓದೇ ಇಲ್ಲ."

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ.

ಅವಳು ಬೀರುವಿನಿಂದ ನೀಲಿ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು. "ಓದಿ ಸಾರ್, ತುಂಬಾ ಚೆನ್ನಾಗಿದೆ. ಕಷ್ಟ ಆದ್ರೆ ನನ್ನ ಕೇಳಿ, ಹೇಳ್ಕೊಡ್ತೀನಿ."

ಚುಚ್ಚಿ ಹೇಳಿದಳೇನೋ ಎಂದು ಅವಳ ಮುಖ ನೋಡಿದೆ. ಹಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮನಸಾರೆ ಹೇಳಿದ್ದಳು.