ಇಷ್ಟೇ ಏಳುವ ಕೈ

ಎಡಗೈಯಲ್ಲಿ ರೊಟ್ಟಿ ಮುರಿಯುವುದನ್ನು ಈ ಮನುಷ್ಯ ಇನ್ನೂ ಕಲಿತಿಲ್ಲ, ಚೂರು ಮಡಿಲಲ್ಲಿ ಅರ್ಧ, ನೆಲದ ಮೇಲೆ ಅರ್ಧ, ಇರುವೆಗಳಿಗೆ ಇವತ್ತು ಹಬ್ಬ — ಚನ್ನಗಿರಿ ಕೋರ್ಟಿನ ಬೇವಿನ ಮರದ ಕೆಳಗೆ ಕೂತ ಬಂಗಾರಮ್ಮ ಗಂಡನನ್ನೇ ನೋಡುತ್ತಿದ್ದಾಳೆ, ಕೊಡ್ರಿ ಇಲ್ಲಿ ಎಂದು ಕಿತ್ತುಕೊಂಡು, ತಾನೇ ಮುರಿದು, ಪುಂಡಿಪಲ್ಯ ಹಚ್ಚಿ ಕೈಗಿಟ್ಟಳು, ಗಿಡ್ಡಪ್ಪ ತಲೆ ಎತ್ತದೆ ತಿಂದ, ತಿನ್ನಲಿ, ಅಷ್ಟು ದೊಡ್ಡ ಸುಳ್ಳು ಹೇಳಿ ಬಂದವನಿಗೆ ಹಸಿವಾಗದೆ ಇರುತ್ತದೆಯೇ, ಊಟದ ಹೊತ್ತು ಮುಗಿದರೆ ಅವಳ ಸರದಿ, ಅವಳೂ ಅದನ್ನೇ ಹೇಳಬೇಕಂತೆ, ತೆಪ್ಪದಿಂದ ಜಾರಿ ಬಿದ್ದೆ ಅಂದುಬಿಟ್ಟೆ ಕಣೇ, ನೀನೂ ಹಂಗೇ ಅಂದುಬಿಡು, ಮುಗುದು ಹೋಗ್ಲಿ — ಎಷ್ಟು ಸಲೀಸಾಗಿ ಅಂದ, ಮೀಸೆ ಮೂಡುವ ಮೊದಲೇ ಸೂಳೆಕೆರೆಗೆ ತೆಪ್ಪ ಇಳಿಸಿದವನು, ಗಾಳಿ ಎದ್ದ ದಿನವೂ ತೆಪ್ಪದಲ್ಲಿ ನಿಂತು ಬಲೆ ಬೀಸುತ್ತಿದ್ದವನು, ಜಾರಿ ಬಿದ್ದನಂತೆ, ಕೆರೆಯ ಮೀನು ಕೇಳಿದರೆ ನಕ್ಕಾವು. ಅವಳಿಗೆ ನಗು ಬರಲಿಲ್ಲ, ಸಾಕ್ಷಿ ಹೇಳುವವಳು ಒಳಗಿರಬಾರದು ಎಂದು ಹೊರಗೆ ನಿಲ್ಲಿಸಿದ್ದರು, ಕಿಟಕಿಯ ಸರಳಿನ ಸಂದಿನಿಂದ ಕಂಡದ್ದು ಕರಿಕೋಟುಗಳ ನಡುವೆ ಅವನ ಬಲಗೈ ಒಂದೇ, ಕೈ ಎತ್ತಪ್ಪಾ, ಇನ್ನೂ ಮೇಲೆ, ಇಷ್ಟೇ ಏಳಾದು ಸ್ವಾಮಿ, ಆಯ್ತು ಬಿಡು, ಸತ್ಯವನ್ನೇ ಹೇಳುತ್ತೇನೆ ಅನ್ನು — ಭುಜದ ಮಟ್ಟಕ್ಕೆ ಬಂದು ನಿಂತ ಕೈ, ಅಲ್ಲಿಂದ ಮೇಲೆ ಒಂದು ಬೆರಳಿನಷ್ಟೂ ಹೋಗಲಿಲ್ಲ.

ಬಿಸಿಲು ಕಾಲಿನ ಮೇಲೆ ಬಂತು, ಸರಿದು ಕೂತಳು, ಅವತ್ತೂ ಇಂಥದ್ದೇ ಬಿಸಿಲು, ಬುತ್ತಿ ಹೊತ್ತು ಕೆರೆ ದಂಡೆಗೆ ಹೋದರೆ ಜನವೋ ಜನ, ಗುರುಬಸವರಾಜನ ಹುಟ್ಟುಹಬ್ಬ, ಸುತ್ತ ಹಳ್ಳಿಗೆಲ್ಲ ಗುರಣ್ಣ, ಕಬಡ್ಡಿ ಆಡಿಸುವವನು, ಹೆರಿಗೆ ನೋವೆಂದರೆ ಸರಹೊತ್ತಿನಲ್ಲೂ ತನ್ನ ಕಾರು ಕಳಿಸುವವನು, ಸುಳ್ಳಲ್ಲ, ಅವಳ ಮಾವ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವನೂ ಅವನೇ, ಅವಳಿಗೂ ಅವನೆಂದರೆ ಪ್ರೀತಿ ಇತ್ತು, ಯಾಕಿರಬಾರದು, ಅವನ ಹಳೆಯ ಫ್ಲೆಕ್ಸನ್ನೇ ಅಲ್ಲವೇ ಗಿಡ್ಡಪ್ಪ ನೀರು ಸೋರದಂತೆ ತೆಪ್ಪದ ತಳಕ್ಕೆ ಹೊಲಿದಿದ್ದು, ಬಡವರ ಬಂಧು ಕೈಮುಗಿದುಕೊಂಡು ಮೀನುಗಳಿಗೆ ದರ್ಶನ ಕೊಡ್ತಾ ಅದಾನೆ ನೋಡೇ ಎಂದು ಹೊಟ್ಟೆ ಹಿಡಿದು ನಕ್ಕಿದ್ದ — ಆ ತೆಪ್ಪದಲ್ಲೇ ನಿಂತು ನೀರಿನ ನಡುವೆ ವಿಡಿಯೋ ಮಾಡಿಸಬೇಕು, ಆರು ಜನ ಹತ್ತಬೇಕು ಅಂದರು, ನಾಕು ಜನಕ್ಕಿಂತ ಹೆಚ್ಗೆ ಬ್ಯಾಡ್ರಿ ಗುರಣ್ಣ, ಮುಳುಗ್ತೈತೆ, ನಿಮ್ಮ ಭಾರ ಬ್ಯಾರೆ ಐತೆ, ಗಿಡ್ಡಪ್ಪ ಇದ್ದದ್ದನ್ನು ಇದ್ದ ಹಾಗೆ ಅಂದ, ಹುಡುಗರು ಕಿಸಕ್ಕೆಂದರು, ಅಷ್ಟೇ, ಆ ನಗುವಿಗೆ ಗುರುಬಸವರಾಜನ ಮುಖ ಕಪ್ಪಿಟ್ಟಿತು, ಹುಟ್ಟುಗೋಲು ಕಿತ್ತುಕೊಂಡು ಬೀಸಿದ, ಭುಜದ ಮೂಳೆಯ ಸದ್ದು ಒಣ ಸೌದೆ ಮುರಿದಂತೆ ಇತ್ತು, ಬುತ್ತಿ ಅವಳ ತಲೆಯಿಂದ ಜಾರಿತು, ಜಾರಿದ್ದು ಬುತ್ತಿ, ಗಂಡನಲ್ಲ. ಆಮೇಲೆ ಹೊಡೆದವನೇ ಓಡಿ ಬಂದು ಎತ್ತಿಕೊಂಡ, ತನ್ನದೇ ಕಾರಲ್ಲಿ ಆಸ್ಪತ್ರೆಗೆ ಕರೆದೊಯ್ದ, ದಾರಿಯುದ್ದಕ್ಕೂ ಅತ್ತ ಕೂಡ, ಇದನ್ನೇನು ಮಾಡಬೇಕು ಹೇಳಿ, ಅಳುವವನನ್ನು ಬೈಯಲೂ ಬಾಯಿ ಬರುವುದಿಲ್ಲ. ದಂಡೆಯ ತುಂಬ ಫೋನು ಎತ್ತಿ ಹಿಡಿದಿದ್ದರಲ್ಲ, ಕೇಸು ಅಂದಕೂಡಲೇ ಒಂದರಲ್ಲೂ ಏನೂ ಇರಲಿಲ್ಲ, ಚಾರ್ಜ್ ಇರಲಿಲ್ಲ, ಅಳಿಸಿ ಹೋತು, ನಾವು ಆಕಡೆ ನೋಡ್ತಿದ್ವಿ ಅಕ್ಕಾ, ಒಬ್ಬೊಬ್ಬರಾಗಿ ಕಟಕಟೆ ಹತ್ತಿ ಇಳಿದರು, ನಾಲ್ಕು ವರ್ಷ ವಾಯಿದೆ ಮೇಲೆ ವಾಯಿದೆ, ಜಡ್ಜು ಬದಲಾದರು, ಸರ್ಕಾರಿ ವಕೀಲರು ಬದಲಾದರು, ಈ ಬೇವಿನ ಮರವೊಂದೇ ಗಂಡ ಹೆಂಡತಿಯನ್ನು ಗುರುತು ಹಿಡಿಯುತ್ತದೆ. ಮೊದಲ ಸಲ ಬಂದಾಗ ಅವಳು ಗೇಟಿನಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಳು, ದೇವಸ್ಥಾನ ಅಂದುಕೊಂಡು, ಪೆದ್ದಿ, ತಿರುಗಿ ಬರುವಷ್ಟರಲ್ಲಿ ಚಪ್ಪಲಿಯೂ ಇರಲಿಲ್ಲ.

ಅಕ್ಕಾ, ಊಟ ಆತಾ — ಗುರುಬಸವರಾಜನೇ, ಬಿಳಿ ಅಂಗಿ, ಹಿಂದೆ ಮುಂದೆ ಹುಡುಗರು, ಗಿಡ್ಡಣ್ಣ ನೀರು ಐತಾ ಎಂದು ಬಾಟಲಿ ಕೊಟ್ಟು ಹೋದ, ಕಣ್ಣಲ್ಲಿ ಅದೇ ವಿಶ್ವಾಸ, ಈ ವಿಶ್ವಾಸವೇ ಅವಳಿಗೆ ಕಷ್ಟ, ಕೆಟ್ಟವನಾಗಿದ್ದರೆ ಎಷ್ಟು ಹಗುರವಿತ್ತು. ಊರೂ ಹಾಗೆಯೇ, ಯಾರೂ ಒಂದು ಮಾತು ಕೆಟ್ಟದಾಗಿ ಆಡಲಿಲ್ಲ, ಕರೆಯುವುದನ್ನು ಬಿಟ್ಟರು, ಅಷ್ಟೇ, ಮದುವೆ ಮನೆಯ ರೊಟ್ಟಿಗೆ ಹೆಂಗಸರು ಮುಯ್ಯಿಗೆ ಹೋಗುತ್ತಾರಲ್ಲ, ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು, ಸಾಲಾಗಿ ಒಲೆ ಹೂಡಿ, ಹಿಟ್ಟು ಬಡಿಯುತ್ತ, ಅತ್ತೆಯರನ್ನು ಆಡಿಕೊಳ್ಳುತ್ತ, ಬಂಗಾರಮ್ಮನ ರೊಟ್ಟಿ ಎಂದರೆ ವೀಳ್ಯದೆಲೆಯಷ್ಟು ತೆಳು, ಅವಳಿಲ್ಲದೆ ಒಲೆಯೇ ಹೊತ್ತುತ್ತಿರಲಿಲ್ಲ, ಕೇಸು ಆದ ಮೇಲೆ ಅವಳಿಲ್ಲದೆಯೇ ಹೊತ್ತಿತು. ಪಕ್ಕದ ಮನೆಯಿಂದ ಬಡಿಯುವ ಸದ್ದು ಬಂದರೆ ಅವಳ ಕೈಯೂ ಸುಮ್ಮನಿರುವುದಿಲ್ಲ, ಇಬ್ಬರೇ ಇರುವ ಮನೆಯಲ್ಲಿ ಬುಟ್ಟಿ ತುಂಬ ಬಡಿದಿಡುತ್ತಾಳೆ, ಗಿಡ್ಡಪ್ಪ ಮೂರು ದಿನ ಅದನ್ನೇ ತಿನ್ನುತ್ತಾನೆ, ಒಣಗಿದ್ದೇ ರುಚಿ ಬಿಡೇ ಅನ್ನುತ್ತಾನೆ, ಸುಳ್ಳ. ಮೊನ್ನೆ ಚೌಡಮ್ಮ ಬಂದಿದ್ದಳು, ಒಂದೇ ಬಾವಿಯ ನೀರು ಕುಡಿದು ಬೆಳೆದ ಗೆಳತಿ, ಹೊಸ್ತಿಲು ದಾಟದೆ ನಿಂತು, ಮಗಳ ಮದ್ವೆ ಕಣೇ ಬಂಗಾರಿ, ನಿನ್ನ ಕೈಯ ರೊಟ್ಟಿ ಇಲ್ದೆ ಹೆಂಗೆ ಮಾಡ್ಲೇ, ಕೇಸೊಂದು ಮುಗಿಸ್ಕೊಂಡು ಬಂದುಬಿಡೇ — ಒಳಗೆ ಬಲೆ ಹೊಲಿಯುತ್ತಿದ್ದವನ ಕೈ ನಿಂತಿತು, ಅವಳು ನೋಡಿದ್ದಳು, ಆಗಲೇ ತಿಳಿಯಬೇಕಿತ್ತು, ಈ ಮನುಷ್ಯ ಮುರಿದ ಭುಜವನ್ನು ಮಾರಿದ್ದು ಗುರುಬಸವರಾಜನಿಗಲ್ಲ, ಹೆಂಡತಿ ನಾಲ್ಕು ಜನರ ನಡುವೆ ಕೂತು ರೊಟ್ಟಿ ಬಡಿಯಲಿ ಎಂದು, ಹುಚ್ಚು ಮನುಷ್ಯ, ಕೇಳದೆಯೇ, ಒಂದು ಮಾತೂ ಕೇಳದೆಯೇ, ಅವಳಿಗೆ ಅವನ ಮೇಲೆ ಸಿಟ್ಟೂ ಮುದ್ದೂ ಒಟ್ಟಿಗೇ ಉಕ್ಕಿದವು, ಉಳಿದ ರೊಟ್ಟಿಯನ್ನು ಬುತ್ತಿಯ ಬಟ್ಟೆಯಲ್ಲಿ ಬಿಗಿದು ಕಟ್ಟಿದಳು.

ಬಂಗಾರಮ್ಮಾ ಗಿಡ್ಡಪ್ಪಾ — ಬಾಗಿಲಲ್ಲಿ ಜವಾನ ಕೂಗಿದ, ಎದ್ದಳು, ಮಂಡಿಯ ಚೂರು ಕೊಡವಿದಳು, ನಾ ಹೇಳಿದ್ದು ನೆನಪೈತಲ್ಲ ಅಂದ ಗಿಡ್ಡಪ್ಪ, ಐತ್ರಿ ಅಂದಳು, ಒಳಗೆ ಫ್ಯಾನಿನ ಗರಗರ, ಕಟಕಟೆಯ ಕಟ್ಟಿಗೆ ನಾಲ್ಕೂರ ಕೈ ಸವರಿ ನುಣುಪಾಗಿದೆ, ಎದುರಿಗೆ ಬಿಳಿ ಅಂಗಿ ಮೆಲ್ಲನೆ ನಗುತ್ತಿದೆ, ಜಾರಿ ಬಿದ್ರು, ಎರಡೇ ಮಾತು, ಆಡಿದರೆ ಸಂಜೆಯೇ ಚೌಡಮ್ಮನ ಮನೆ, ಹಿಟ್ಟಿನ ಘಮ, ಹೆಂಗಸರ ನಗು, ಬಾರೆ ಬಂಗಾರಿ ಇಲ್ಲಿ ಕೂರು — ಆಡದಿದ್ದರೆ ಬಸ್ಸಿನಲ್ಲಿ ಇವನ ಮುನಿಸು, ಸೂಳೆಕೆರೆ ಏರಿ ಬರುವ ತನಕ ಕಿಟಕಿಯ ಕಡೆ ಮುಖ, ಆಮೇಲೆ ಎಲೆ ಅಡಿಕೆ ಐತೇನೇ ಎಂದು ತಾನೇ ಕೇಳುತ್ತಾನೆ, ಅವಳಿಗೆ ಗೊತ್ತು, ಮನೆಯಲ್ಲಿ ಮತ್ತೆ ಇಬ್ಬರಿಗೆ ಒಂದು ಬುಟ್ಟಿ ರೊಟ್ಟಿ, ಕೈ ಎತ್ತಮ್ಮಾ, ಎತ್ತಿದಳು, ಹಿಟ್ಟು ಬಡಿದು ಗಟ್ಟಿಯಾದ ಕೈ, ಕಾದ ಹೆಂಚನ್ನೂ ಮುಟ್ಟುವ ಕೈ, ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು, ಅವಳು ನಿಲ್ಲಿಸಿದಳೋ ಅದೇ ನಿಂತಿತೋ, ಇನ್ನೂ ಮೇಲಮ್ಮಾ, ಇಷ್ಟೇ ಸ್ವಾಮಿ, ನಮ್ಮನೆಯವರದ್ದು ಇಷ್ಟೇ ಏಳಾದು. ಬರೆಯುತ್ತಿದ್ದ ಜಡ್ಜು ತಲೆ ಎತ್ತಿದರು, ಯಾಕೆ ಅಂದರು, ನಾಲ್ಕು ವರ್ಷದಲ್ಲಿ ಈ ಕೋರ್ಟಿನೊಳಗೆ ಯಾರೂ ಕೇಳದ ಮಾತು, ಯಾಕೆ, ಕಿಟಕಿಯ ಸರಳಿನಾಚೆ ಗಿಡ್ಡಪ್ಪ ಬಂದು ನಿಂತಿದ್ದಾನೆ, ಬ್ಯಾಡ ಎಂದು ಕೈ ಎತ್ತಿ ಆಡಿಸಲು ನೋಡುತ್ತಿದ್ದಾನೆ, ಬಿದ್ದದ್ದಲ್ಲ ಸ್ವಾಮಿ ಅಂದಳು, ಆ ಕೈ ಸರಳಿನ ನಡುವೆ, ಭುಜದ ಮಟ್ಟಕ್ಕೆ, ಅಲ್ಲಿಗೇ, ಆ ಕೈ —